ಅಪ್‌ಡೇಟ್: ಲ್ಯಾಪ್‌ಟಾಪ್ ಇಲ್ದೇನೇ ಪೈಥಾನ್ ಶುರು ಮಾಡ್ದೆ

ಹತ್ತನೇ ಕ್ಲಾಸು, ಶಿರಸಿ ಹತ್ರ ಹಳ್ಳಿ, ಮನೇಲಿ ಲ್ಯಾಪ್‌ಟಾಪ್ ಇಲ್ಲ, ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮೊದ್ಲು ಸಿ ಕಲೀಲಾ ಪೈಥಾನ್ ಕಲೀಲಾ ಅಂತ ಹಿಂದೆ ಇಲ್ಲಿ ಕೇಳಿದ್ನಲ್ಲ, ಸುಮಾರು ಜನ ಪೈಥಾನ್ ಅಂದ್ರಿ, ಅದನ್ನೇ ಹಿಡ್ಕೊಂಡೆ. ಫೋನಲ್ಲೇ ಪೈಥಾನ್ ಬರೆದು ಓಡಿಸೋ ಪೈಡ್ರಾಯ್ಡ್ ಅನ್ನೋ ಆ್ಯಪ್ ಹಾಕ್ಕೊಂಡೆ, ಒಮ್ಮೆ ಇನ್‌ಸ್ಟಾಲ್ ಆದ್ಮೇಲೆ ನೆಟ್ ಬೇಡ, ಮಳೆಗಾಲದಲ್ಲಿ ಟವರ್ ಹೋದ್ರೂ ನಡೀತದೆ. ನಮ್ಮ ಕಡೆ ಹುಡುಗ್ರಿಗೆ ಇದು ದೊಡ್ಡ ವಿಷ್ಯ.

ಇಫ್, ಎಲ್ಸ್ (ಹೀಗಿದ್ರೆ ಇದು ಮಾಡು, ಇಲ್ದಿದ್ರೆ ಅದು ಮಾಡು ಅನ್ನೋದು) ಎಲ್ಲ ಬೇಗ ಹತ್ತಿತು. ತಲೆ ತಿಂದಿದ್ದು ಇನ್‌ಪುಟ್, ಅಂದ್ರೆ ನಾವು ಟೈಪ್ ಮಾಡಿದ್ದನ್ನ ಪ್ರೋಗ್ರಾಂ ಒಳಗೆ ತಗೊಳ್ಳೋದು. 5 ಮತ್ತೆ 3 ಕೊಟ್ಟು ಕೂಡಿಸಿದ್ರೆ 53 ಬರ್ತದೆ! ಇನ್‌ಪುಟ್ ಯಾವಾಗ್ಲೂ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಆಗೇ ಕೊಡ್ತದೆ, ಇಂಟ್ ಅನ್ನೋ ಫಂಕ್ಷನ್ ಒಳಗೆ ಹಾಕಿ ನಂಬರ್ ಮಾಡ್ಕೋಬೇಕು. ಇದು ತಿಳಿದ ದಿನ ಆದ ಖುಷಿ ಹೇಳೋಕಾಗಲ್ಲ.

ಈಗ ಅಪ್ಪಂಗೆ ಅಡಿಕೆ ಲೆಕ್ಕದ ಪ್ರೋಗ್ರಾಂ ಬರೆದಿದ್ದೇನೆ, ತೂಕ ಕೆಜಿಲಿ ಹಾಕಿ ಕ್ವಿಂಟಲ್ ರೇಟು ಕೊಟ್ರೆ 100ರಿಂದ ಭಾಗಿಸಿ ದುಡ್ಡೆಷ್ಟು ಅಂತ ತೋರಿಸ್ತದೆ, ಚಾಲಿ, ರಾಶಿ ಅನ್ನೋ ಎರಡು ಬಗೆ ಅಡಿಕೆಗೂ ಲೆಕ್ಕ ಬೇರೆ ಬೇರೆ. ಅಲ್ಲೇ ಇನ್ನೊಂದು ಕಂಡೆ, 0.1ಕ್ಕೆ 0.2 ಕೂಡಿಸಿದ್ರೆ ಪೈಥಾನ್ 0.30000000000000004 ಅಂತದೆ, ಯಾಕಂದ್ರೆ ಕಂಪ್ಯೂಟರ್ ಬಳಸೋ ಬೈನರಿಲಿ (ಬರೀ 0, 1 ಇರೋ ಲೆಕ್ಕ) 0.1 ಪೂರ್ತಿ ಸರಿಯಾಗಿ ಕೂರೋದೇ ಇಲ್ಲ. ಅದಕ್ಕೇ ದುಡ್ಡೆಲ್ಲ ಪೈಸೆಲಿ, ತೂಕ ಗ್ರಾಂನಲ್ಲಿ, ಪೂರ್ಣ ಸಂಖ್ಯೆ ಮಾಡಿ ಇಟ್ಕೊಂಡೆ. ಇದು ಯಾರಾದ್ರೂ ಮೊದ್ಲೇ ಹೇಳ್ಕೊಡಬೇಕು ಎಲ್ಲ ಮಕ್ಕಳಿಗೂ, ನಿಜವಾಗ್ಲೂ.

ಆ್ಯಪ್ ಮುಚ್ಚಿದ್ರೆ ಲೆಕ್ಕ ಹೋಗ್ತದೆ, ಹಾಗಾಗಿ ಮುಂದೆ ಫೈಲಲ್ಲಿ ಸೇವ್ ಮಾಡೋದು ಕಲೀಬೇಕು. ಪಿಯುಸಿಲಿ ಕಂಪ್ಯೂಟರ್ ಸೈನ್ಸೇ ತಗೋಳ್ಳೋದು ಅಂತ ಮನೇಲಿ ಹೇಳಾಯ್ತು, ಆಯಿನೂ ಹೂಂ ಅಂದಿದಾಳೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.