ಲಾರಾ 1.8 ಟಿಎಸ್‌ಐ: ರೀಮ್ಯಾಪ್ ಆದ ಕಾರಿನಲ್ಲಿ ಬೂಸ್ಟ್ ಏರುತ್ತಿಲ್ಲ, ಪಿ0299 ಕೋಡ್, ಟರ್ಬೊ ಬದಲಿಸಬೇಕೇ?

ಪ್ರಶ್ನೆ (ಮೈಸೂರು)

2011ರ ಸ್ಕೋಡಾ ಲಾರಾ, ಪೆಟ್ರೋಲ್, ಮ್ಯಾನ್ಯುಯಲ್ ಗೇರ್. ಮೂಲದಲ್ಲಿ 160 ಪಿಎಸ್. ಕಳೆದ ವರ್ಷ ಸ್ಟೇಜ್ 1 ರೀಮ್ಯಾಪ್ (ಹೆಚ್ಚು ಬಲಕ್ಕಾಗಿ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಾವಣೆ) ಮಾಡಿಸಿದ್ದೇನೆ. ಈಗ ಮಡಿಕೇರಿಯ ಏರಿನಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಎಂಜಿನ್ ಮುಗ್ಗರಿಸುತ್ತದೆ, ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ಆಮೇಲೆ ಗಾಡಿಗೆ ಎಳೆತವೇ ಇರುವುದಿಲ್ಲ. ಕೀಲಿ ಆರಿಸಿ ಮತ್ತೆ ಹಾಕಿದರೆ ಸ್ವಲ್ಪ ಹೊತ್ತು ಸರಿ. ಕೋಡ್ ಪಿ0299, ಅಂದರೆ ಬೂಸ್ಟ್ (ಟರ್ಬೊ ಎಂಬ ಪಂಪು ಎಂಜಿನ್‌ಗೆ ಒತ್ತಿ ಕೊಡುವ ಗಾಳಿಯ ಒತ್ತಡ) ಕಡಿಮೆ. ತೋರಿಸಿದ ಗ್ಯಾರೇಜಿನವರು ಬಾನೆಟ್ ಎತ್ತುವ ಮೊದಲೇ ಟರ್ಬೊ ಹೋಗಿದೆ ಎಂದರು. ಹೇಗೂ ಬದಲಿಸುವುದಾದರೆ ದೊಡ್ಡ ಟರ್ಬೊವನ್ನೇ ಹಾಕಿಬಿಡಲೇ? ಮನೆಯಲ್ಲಿ ಜಾಕ್, ಸ್ಟ್ಯಾಂಡ್, ವಿಸಿಡಿಎಸ್ (ಲ್ಯಾಪ್‌ಟಾಪಿನಲ್ಲಿ ಕಾರಿನ ದೋಷ ಓದುವ ಸಾಫ್ಟ್‌ವೇರ್) ಕೇಬಲ್ ಇವೆ.

ಉತ್ತರ (ಹುಬ್ಬಳ್ಳಿ)

ಹಣ ಬಿಚ್ಚಬೇಡಿ ಸರ್. ಎಂಜಿನ್ ಕಂಪ್ಯೂಟರ್ ಕೇಳಿದಷ್ಟು ಒತ್ತಡ ಸಿಗಲಿಲ್ಲ ಎಂದಷ್ಟೇ ಆ ಕೋಡ್ ಹೇಳುತ್ತದೆ. ಟರ್ಬೊ ಒತ್ತಿದ ಗಾಳಿ ದಾರಿಯಲ್ಲಿ ಸೋರಿಹೋದರೂ ಅದೇ ಕೋಡ್ ಬರುತ್ತದೆ.

ಮೊದಲು ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ ಬೂಸ್ಟ್ ರೀಡಿಂಗ್ ನೋಡಿ. ಮೈಸೂರಿನ ಎತ್ತರಕ್ಕೆ ಸುಮಾರು 920 ಮಿಲಿಬಾರ್ ಇರಬೇಕು. ಬೇರೇನೋ ತೋರಿಸಿದರೆ ಸೆನ್ಸರನ್ನೇ ಅನುಮಾನಿಸಿ. ಅದು ಸರಿಯಿದ್ದರೆ, ಪಕ್ಕದಲ್ಲಿ ಒಬ್ಬರನ್ನು ಲ್ಯಾಪ್‌ಟಾಪ್ ಹಿಡಿಸಿ ಕೂರಿಸಿಕೊಂಡು, ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ವಿಸಿಡಿಎಸ್‌ನ 115ನೇ ಬ್ಲಾಕಿನ (ಬೂಸ್ಟ್ ಅಳತೆಗಳ ಗುಂಪಿನ) ಲಾಗ್ ತೆಗೆಯಿರಿ. ಕೇಳಿದ ಒತ್ತಡ, ಸಿಕ್ಕ ಒತ್ತಡ ಎರಡೂ ಅಲ್ಲಿ ಅಕ್ಕಪಕ್ಕದಲ್ಲೇ ಇರುತ್ತವೆ.

ಪ್ರಶ್ನೆ ಕೇಳಿದವರು

ಕೀಲಿ ತಿರುಗಿಸಿದಾಗ 920ರ ಆಸುಪಾಸು. ಓಡಿಸುವಾಗ 3,500 ಆರ್‌ಪಿಎಂನಲ್ಲಿ ಕೇಳಿದ್ದು 2,050, ಸಿಕ್ಕಿದ್ದು 1,600. ಊರೊಳಗೆ ಓಡಿಸುವಾಗ ಏನೂ ಗೊತ್ತಾಗುವುದಿಲ್ಲ, ಘಾಟಿಯಲ್ಲೇ ಏಕೆ ಹೀಗೆ?

ಉತ್ತರ (ಹುಬ್ಬಳ್ಳಿ)

ಎತ್ತರದ ಲೆಕ್ಕ. ಮಂಗಳೂರಿನಲ್ಲಿ ಹೊರಗಿನ ಗಾಳಿಯೇ ಸುಮಾರು 1,010 ಮಿಲಿಬಾರ್. 2,050 ತಲುಪಲು ಟರ್ಬೊ ಅದನ್ನು ಎರಡು ಪಟ್ಟು ಒತ್ತಿದರೆ ಸಾಕು. ಮಡಿಕೇರಿಯಲ್ಲಿ 880ರ ಹತ್ತಿರ ಇರುತ್ತದೆ, ಅಲ್ಲಿ 2.3 ಪಟ್ಟು ಬೇಕು. ಜೊತೆಗೆ ಊರೊಳಗೆ ನೀವು ಪೂರ್ತಿ ಬೂಸ್ಟ್ ಕೇಳುವುದೇ ಅಪರೂಪ. ಸಣ್ಣ ಸೋರಿಕೆ ಏರಿನಲ್ಲಿಯೇ ಮೊದಲು ಕಾಣಿಸಿಕೊಳ್ಳುತ್ತದೆ.

450 ಮಿಲಿಬಾರ್ ಕೊರತೆ ಚಿಕ್ಕದಲ್ಲ. ಇಂಟರ್‌ಕೂಲರ್ (ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಭಾಗ) ಹೋಸ್‌ಗಳ ಕೀಲು ನೋಡಿ: ಹೊರಗೆ ಎಣ್ಣೆ ಮೆತ್ತಿಕೊಂಡು ಧೂಳು ಕೂತಿದ್ದರೆ ಅಲ್ಲಿ ಗಾಳಿ ಸೋರುತ್ತಿದೆ. ನಂತರ ಡೈವರ್ಟರ್ ವಾಲ್ವ್, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಒತ್ತಿದ ಗಾಳಿಯನ್ನು ಟರ್ಬೊದ ಹಿಂದಕ್ಕೆ ತಿರುಗಿಸುವ ವಾಲ್ವ್.

ಉತ್ತರ (ಬೆಂಗಳೂರು)

ನನ್ನ ಅನುಮಾನವೂ ಡೈವರ್ಟರ್ ವಾಲ್ವ್ ಮೇಲೆಯೇ. ಈ ಎಂಜಿನ್‌ನಲ್ಲಿ ಅದು ಟರ್ಬೊದ ಮೈಗೇ ಮೂರು ಸ್ಕ್ರೂಗಳಲ್ಲಿ ಕೂತಿದೆ. ಹಳೆಯ ಮಾದರಿಯಲ್ಲಿ ಒಳಗೆ ರಬ್ಬರ್ ಪೊರೆ. ವಯಸ್ಸಾದ ಪೊರೆಗೆ ರೀಮ್ಯಾಪಿನ ಹೆಚ್ಚುವರಿ ಒತ್ತಡ ಬಿದ್ದರೆ ಅಂಚಿನಲ್ಲಿ ಹರಿಯುತ್ತದೆ. ವಿಸಿಡಿಎಸ್‌ನಿಂದ ಚಾಲನೆ ಕೊಟ್ಟಾಗ ಟಿಕ್ ಟಿಕ್ ಎಂದರೆ ವಾಲ್ವ್ ಚೆನ್ನಾಗಿದೆ ಎಂದು ಹಲವರು ಕೈಬಿಡುತ್ತಾರೆ. ಆ ಸದ್ದು ಕಾಯಿಲ್‌ನದು, ಪೊರೆಯ ಗತಿ ಅದರಿಂದ ತಿಳಿಯುವುದಿಲ್ಲ. ಬಿಚ್ಚಿ ಬೆಳಕಿಗೆ ಹಿಡಿದು, ಅಂಚನ್ನು ಬೆರಳಿನಿಂದ ಮೆಲ್ಲಗೆ ಮಡಚಿ ನೋಡಿ. ಎಂಜಿನ್ ಪೂರ್ತಿ ಆರಿದ ಮೇಲೆಯೇ ಕೈ ಹಾಕಿ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ.

ಸೋರಿಕೆ ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಮುಚ್ಚಳಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಏರ್ ಫಿಲ್ಟರಿನಿಂದ ಟರ್ಬೊಗೆ ಬರುವ ಪೈಪಿಗೆ ಅದನ್ನು ಕ್ಲಿಪ್ ಹಾಕಿ ಬಿಗಿದು, ಗಾಳಿ ಕೊಡಿ. ಹತ್ತು ಪಿಎಸ್‌ಐ ಸಾಕು, ಹದಿನೈದು ದಾಟಬೇಡಿ. ಮುಚ್ಚಳದ ನೇರಕ್ಕೆ ಮುಖ ಇಡಬೇಡಿ. ಎಂಜಿನ್‌ನ ಉಸಿರಾಟದ ಹೋಸ್ ಅದೇ ಪೈಪಿಗೆ ಸೇರುತ್ತದೆ, ಅದನ್ನು ಬಿಚ್ಚಿ ಪೈಪಿನ ಬದಿಯ ಬಾಯಿಯನ್ನು ಮುಚ್ಚಿರಿ. ಇಲ್ಲವಾದರೆ ಗಾಳಿ ಕ್ರ್ಯಾಂಕ್‌ಕೇಸ್‌ಗೆ (ಎಂಜಿನ್‌ನ ಕೆಳಗಿನ ಒಳಭಾಗಕ್ಕೆ) ನುಗ್ಗಿ ಎಣ್ಣೆಯ ಸೀಲ್‌ಗಳಿಗೆ ಸಂಚಕಾರ. ಆಮೇಲೆ ಸೋಪಿನ ನೀರು ಚಿಮುಕಿಸುತ್ತ ಹೋಗಿ.

ಪ್ರಶ್ನೆ ಕೇಳಿದವರು

ಇಂಟರ್‌ಕೂಲರ್‌ನ ಬಲಗಡೆಯ ಕೀಲಿನಲ್ಲಿ ನೊರೆ ಎದ್ದಿತು. ಓ-ರಿಂಗ್ ಚಪ್ಪಟೆಯಾಗಿ ಗಟ್ಟಿಯಾಗಿದೆ. ವಾಲ್ವ್ ಬಿಚ್ಚಿ ಮಡಚಿದಾಗ ಪೊರೆಯ ಅಂಚಿನಲ್ಲಿ ಅರ್ಧಚಂದ್ರಾಕಾರದ ಹರುಕು ಬಾಯಿ ಬಿಟ್ಟಿತು. ಸುಮ್ಮನೆ ನೋಡಿದ್ದರೆ ಕಾಣುತ್ತಲೇ ಇರಲಿಲ್ಲ. ಫಿಲ್ಟರ್ ಕಡೆಯ ಪೈಪ್ ತೆಗೆದಿದ್ದರಿಂದ ಟರ್ಬೊದ ಚಕ್ರವನ್ನೂ ಅಲುಗಿಸಿ ನೋಡಿದೆ: ಅಡ್ಡಕ್ಕೆ ಕೊಂಚ ಆಡುತ್ತದೆ, ಉದ್ದಕ್ಕೆ ಏನೂ ಇಲ್ಲ.

ಉತ್ತರ (ಬೆಂಗಳೂರು)

ಚಕ್ರದ ರೆಕ್ಕೆ ಗೋಡೆಗೆ ತಾಗದಿದ್ದರೆ, ಹೊಗೆಯಲ್ಲಿ ನೀಲಿ ಬಣ್ಣ ಇಲ್ಲದಿದ್ದರೆ, ಟರ್ಬೊ ಮುಟ್ಟಬೇಡಿ. ವಾಲ್ವ್ ಕೊಳ್ಳುವಾಗ ಪೊರೆಯಿಲ್ಲದ, ಪಿಸ್ಟನ್ ಮಾದರಿಯದನ್ನೇ ಕೇಳಿ; ಭಾಗದ ಸಂಖ್ಯೆಯ ಕೊನೆಯಲ್ಲಿ ‘ಡಿ’ ಇರುತ್ತದೆ. ಕೋಡಿಂಗ್ ಏನೂ ಬೇಡ. ಗಾಳಿಯನ್ನು ಹೊರಕ್ಕೆ ಬಿಟ್ಟು ಸದ್ದು ಮಾಡುವ ವಾಲ್ವಿನ ಆಸೆ ಮಾತ್ರ ಬೇಡ, ಅದರಿಂದ ಕಿವಿಗಷ್ಟೇ ಲಾಭ.

ಪ್ರಶ್ನೆ ಕೇಳಿದವರು

ಎರಡನ್ನೂ ಹಾಕಿ, ಕೋಡ್ ಅಳಿಸಿ, ಅದೇ ರಸ್ತೆಯಲ್ಲಿ ಅದೇ ಗೇರಿನಲ್ಲಿ ಲಾಗ್ ತೆಗೆದೆ: ಕೇಳಿದ್ದು 2,050, ಸಿಕ್ಕಿದ್ದು 2,030. ಆದರೆ ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಆರ್‌ಪಿಎಂ ಜಿಗಿಯುತ್ತದೆ, ವೇಗ ಅಷ್ಟು ಏರುವುದಿಲ್ಲ. ಇದೇನು ಹೊಸದು?

ಉತ್ತರ (ಹುಬ್ಬಳ್ಳಿ)

ಕ್ಲಚ್ ಜಾರುತ್ತಿದೆ. ಮೂಲ ಎಂಜಿನ್ 250 ಎನ್‌ಎಂ ಟಾರ್ಕಿನದು. ರೀಮ್ಯಾಪ್ ಅದನ್ನು ಬಹಳ ಏರಿಸಿದೆ. ಗಾಳಿ ಸೋರುತ್ತಿದ್ದಷ್ಟು ದಿನ ಆ ಬಲ ಪೂರ್ತಿ ಬರದೆ ಕ್ಲಚ್ ಬಚಾವಾಗಿತ್ತು. ದೊಡ್ಡ ಟರ್ಬೊಗೆಂದು ಎತ್ತಿಟ್ಟ ಹಣವನ್ನು ಈಗ ಕ್ಲಚ್ ಕಿಟ್‌ಗೆ ಹಾಕಿ, ಫ್ಲೈವೀಲನ್ನೂ ಅದೇ ಸಲ ಪರೀಕ್ಷಿಸಿ. ಗೇರ್‌ಬಾಕ್ಸ್ ಇಳಿಸುವ ಕೆಲಸ ಒಬ್ಬರಿಂದ ಮನೆಯಂಗಳದಲ್ಲಿ ಆಗುವಂಥದ್ದಲ್ಲ. ಲಿಫ್ಟ್ ಇರುವ ಕಡೆ ಮಾಡಿಸಿ.