ಹಳೆಯ ಕಾರಿಗೆ ಸಿಂಥೆಟಿಕ್ ಆಯಿಲ್ ಹಾಕಿಸಬಹುದೇ?

ಪ್ರಶ್ನೆ: ಉಸ್ತಾದರಿಗೆ ಶರಣು. ವಾರಕ್ಕೆರಡು ಬಾರಿ ಕಲಬುರಗಿಯಿಂದ ಸೇಡಂಗೆ ಹೋಗಿಬರುವ ನನ್ನ 2004ರ ಮಾರುತಿ ಝೆನ್ 1,30,000 ಕಿ.ಮೀ. ಓಡಿದೆ. ಇಷ್ಟು ವರ್ಷವೂ 20ಡಬ್ಲ್ಯೂ-40 ಗ್ರೇಡಿನ ಮಿನರಲ್ ಆಯಿಲನ್ನೇ (ಕಚ್ಚಾ ತೈಲ ಸೋಸಿ ತೆಗೆದ ಸಾಧಾರಣ ಇಂಜಿನ್ ಆಯಿಲ್) ಹಾಕಿಸಿದ್ದೇನೆ. ಸಿಂಥೆಟಿಕ್, ಅಂದರೆ ರಾಸಾಯನಿಕವಾಗಿ ತಯಾರಿಸಿದ ಆಯಿಲ್ ಹಾಕಿಸಿದರೆ ಹಳೆಯ ಇಂಜಿನ್ ಸೋರುತ್ತದೆ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಇದು ನಿಜವೇ?

ಉತ್ತರ: ಶರಣು ಸರ್. 1970ರ ದಶಕದಲ್ಲಿ ಬಂದ ಮೊದಮೊದಲ ಸಿಂಥೆಟಿಕ್ ಆಯಿಲ್‌ಗಳು ಆಯಿಲ್ ಸೋರದಂತೆ ತಡೆಯುವ ಕೆಲವು ರಬ್ಬರ್ ಸೀಲುಗಳನ್ನು ಕುಗ್ಗಿಸುತ್ತಿದ್ದವು. ಆ ದೋಷವನ್ನು ತಯಾರಕರು ಬಹಳ ಹಿಂದೆಯೇ ಸರಿಪಡಿಸಿದ್ದಾರೆ. ಈಗಲೂ ಕೆಲವು ಇಂಜಿನ್‌ಗಳು ಸೋರುವುದುಂಟು. ಆದರೆ ಅಲ್ಲಿ ಸೀಲು ಮೊದಲೇ ಗಡುಸಾಗಿ ಬಿರುಕು ಬಿಟ್ಟಿರುತ್ತದೆ, ಆ ಸಂದಿಗೆ ಮೆತ್ತಿಕೊಂಡಿದ್ದ ಮಡ್ಡಿಯನ್ನು ಹೊಸ ಆಯಿಲ್ ತೊಳೆದಾಗ ಅದು ಬಯಲಿಗೆ ಬರುತ್ತದೆ.

ಆದ್ದರಿಂದ ಆಯಿಲ್ ಡಬ್ಬಿ ಕೊಳ್ಳುವ ಮೊದಲು ಇಂಜಿನ್ ನೋಡಿ. ಅದು ತಣ್ಣಗಿರುವಾಗ ಆಯಿಲ್ ಸುರಿಯುವ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ. ಲೋಹದ ಮೇಲೆ ಜೇನುಬಣ್ಣದ ತೆಳುಪದರವಿದ್ದರೆ ಚಿಂತೆಯಿಲ್ಲ. ಬೆರಳಿಗೆ ಕಾಡಿಗೆಯಂತೆ ದಪ್ಪ ಮಡ್ಡಿ ಹತ್ತಿದರೆ ಅವಸರ ಬೇಡ. ರಾತ್ರಿ ಇಂಜಿನ್ ಅಡಿಯ ಆಯಿಲ್ ಚೇಂಬರಿನ ಕೆಳಗೆ ರಟ್ಟು ಹಾಸಿಡಿ, ಬೆಳಿಗ್ಗೆ ಅದರ ಮೇಲೆ ಹನಿ ಬಿದ್ದಿದ್ದರೆ ಮೊದಲು ಪ್ಯಾಕಿಂಗ್ ಮತ್ತು ಸೀಲು ಬದಲಿಸಿ. ಸೈಲೆನ್ಸರಿನಿಂದ ನೀಲಿ ಹೊಗೆ ಬರುವ ಇಂಜಿನ್‌ಗೆ ನಾನಂತೂ ಸಿಂಥೆಟಿಕ್ ಹಾಕುವುದಿಲ್ಲ, ಏಕೆಂದರೆ ದುಬಾರಿ ಆಯಿಲ್ ಸುಮ್ಮನೆ ಸುಟ್ಟುಹೋಗುತ್ತದೆ.

ಇನ್ನು ಗ್ರೇಡಿನ ವಿಚಾರ. ಡಬ್ಲ್ಯೂ ಜೊತೆಗಿರುವ ಅಂಕಿ ಚಳಿಯಲ್ಲಿ ಆಯಿಲ್ ಹರಿಯುವ ಬಗೆಯನ್ನೂ, ಕೊನೆಯ ಅಂಕಿ ಕಾದ ಇಂಜಿನ್‌ನಲ್ಲಿ ಅದರ ದಪ್ಪವನ್ನೂ ತಿಳಿಸುತ್ತವೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ, ಸವೆದ ಇಂಜಿನ್‌ಗೆ ಆ ಕೊನೆಯ 40 ಅನ್ನು ಬಿಡಬೇಡಿ, 10ಡಬ್ಲ್ಯೂ-40 ಸಾಕು.

ಮರುಪ್ರಶ್ನೆ: ಒಳಗೆ ಉಳಿದ ಹಳೆಯ ಆಯಿಲ್ ಬೆರೆತರೆ ಕೆಡುಕೇ? ಫ್ಲಶಿಂಗ್ (ತೊಳೆಯುವ ದ್ರಾವಣ ಹಾಕಿ ಇಂಜಿನ್ ಒಳಗನ್ನು ಶುಚಿಮಾಡುವುದು) ಮಾಡಿಸಬೇಕೇ?

ಉತ್ತರ: ಬೆರೆತರೆ ತೊಂದರೆಯಿಲ್ಲ. ಫ್ಲಶಿಂಗ್ ಮಾತ್ರ ದಯವಿಟ್ಟು ಬೇಡ. ಮಡ್ಡಿ ಒಮ್ಮೆಲೇ ಕಳಚಿ ಆಯಿಲ್ ಪಂಪಿನ ಜಾಲರಿಯಲ್ಲಿ ಸಿಕ್ಕಿಕೊಂಡರೆ, ಬೇರಿಂಗುಗಳಿಗೆ ಆಯಿಲ್ ತಲುಪದೆ ಇಂಜಿನ್ ಜಾಮ್ ಆಗಿಬಿಡಬಹುದು. ಅದರ ಬದಲು ಮೊದಲ ಬಾರಿ ಹಾಕಿದ ಸಿಂಥೆಟಿಕ್ ಆಯಿಲನ್ನು 3,000 ಕಿ.ಮೀ.ಗೇ ಫಿಲ್ಟರ್ ಸಮೇತ ತೆಗೆಸಿಬಿಡಿ, ಕೊಳೆ ನಿಧಾನವಾಗಿ ಹೊರಬರುತ್ತದೆ. ಸೇಡಂ ಕಡೆ ಸುಣ್ಣದಕಲ್ಲು, ಸಿಮೆಂಟಿನ ಧೂಳಿರುವುದರಿಂದ ಏರ್ ಫಿಲ್ಟರನ್ನೂ ಅದೇ ದಿನ ನೋಡಿಸಿ. ಮೊದಲ ತಿಂಗಳು ವಾರಕ್ಕೊಮ್ಮೆ ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ಎಳೆದು ಆಯಿಲ್ ಮಟ್ಟ ನೋಡಿ. ಇಳಿಯುತ್ತಿದ್ದರೆ ಗಾಡಿ ತೆಗೆದುಕೊಂಡು ಬನ್ನಿ.