ಈ ವಾರದ ಸಮಸ್ಯೆ: ಪದವ ಬದಲಿಸದೆ ಅಣಕಾಯ್ತು ಹಳೆ ಹಾಡು

ಗಣಿತಮೇಷ್ಟ್ರು (ಈ ವಾರದ ಪೃಚ್ಛಕ, ಅಂದರೆ ಸಮಸ್ಯೆ ಕೊಡುವವರು)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಮಾವಿನಕಾಯಿ ಚಿತ್ರಾನ್ನದ ಮೇಲೆ ಪದ್ಯ ಬರೆದು ಸುಸ್ತಾಗಿದ್ದೀರಿ. ಈ ಸಲ ದೂರದ ಊರಿಗೆ ಹೋಗೋಣ. ಕೊನೆಯ ಸಾಲು ಇದು, ಇದರ ಹಿಂದಿನ ಮೂರು ಸಾಲು ನೀವು ಕಟ್ಟಬೇಕು:

ಪದವ ಬದಲಿಸದೆ ಅಣಕಾಯ್ತು ಹಳೆ ಹಾಡು

ಐದು ಮಾತ್ರೆಯ ಚೌಪದಿ. ಒಂದನೇ, ಮೂರನೇ ಸಾಲಿಗೆ ನಾಲ್ಕು ಐದುಗಳು. ಎರಡಕ್ಕೂ ನಾಲ್ಕಕ್ಕೂ ಮೂರು ಐದು, ಕೊನೆಗೊಂದು ಮೂರು. ಪ್ರತಿ ಸಾಲಿನ ಎರಡನೇ ಅಕ್ಷರ ದಕಾರ, ಅದರ ಹಿಂದಿನದು ಲಘು, ಅಂದರೆ ಒಂದೇ ಮಾತ್ರೆಯದು.

ಹಿನ್ನೆಲೆ ಗೊತ್ತಿಲ್ಲದವರಿಗೆ: ಆಸ್ಟ್ರಿಯಾದಲ್ಲಿ 2019ರ ಮೇ 17ರ ಸಂಜೆ ಎರಡು ಜರ್ಮನ್ ಪತ್ರಿಕೆಗಳು, ಡೆರ್ ಶ್ಪೀಗೆಲ್ ಮತ್ತು ಜ್ಯೂಡ್‌ಡಾಯ್ಚೆ ಝೈಟುಂಗ್, ಒಂದು ಗುಪ್ತ ವಿಡಿಯೋ ಹೊರಗೆ ಹಾಕಿದವು. ತೆಗೆದಿದ್ದು 2017ರ ಜುಲೈನಲ್ಲಿ, ಸ್ಪೇನಿನ ಇಬೀಜಾ ದ್ವೀಪದ ಒಂದು ಬಂಗಲೆಯಲ್ಲಿ. ಆಸ್ಟ್ರಿಯಾದ ಬಲಪಂಥೀಯ ಪಕ್ಷ ಫ್ರೀಡಂ ಪಾರ್ಟಿಯ ನಾಯಕ ಹೈನ್ಸ್ ಕ್ರಿಸ್ಟಿಯಾನ್ ಶ್ಟ್ರಾಖೆ ಟೀ ಶರ್ಟು ಹಾಕಿಕೊಂಡು ಸೋಫಾ ಮೇಲೆ ಆರಾಮಾಗಿ ಕೂತಿದ್ದಾರೆ. ಎದುರಿಗೆ ರಷ್ಯಾದ ಭಾರೀ ಕುಳವೊಬ್ಬನ ಹತ್ತಿರದ ಸಂಬಂಧಿ ಅಂತ ನಟಿಸುತ್ತಿರುವ ಹೆಂಗಸು. ದೊಡ್ಡ ಪತ್ರಿಕೆಯೊಂದನ್ನು ಕೊಂಡುಕೋ, ಚುನಾವಣೆಯಲ್ಲಿ ನಮಗೆ ಸಹಾಯ ಮಾಡು, ಸರಕಾರಿ ಗುತ್ತಿಗೆ ಕೊಡಿಸೋಣ ಅನ್ನುವ ಧಾಟಿಯ ಮಾತು. ವಿಡಿಯೋ ಬಂದಾಗ ಅವರು ವೈಸ್ ಚಾನ್ಸಲರ್, ಅಂದರೆ ನಮ್ಮ ಲೆಕ್ಕದಲ್ಲಿ ಉಪಪ್ರಧಾನಿ.

ಹಾಡು ಯಾವುದು? ಡಚ್ ತಂಡ ವೆಂಗಾಬಾಯ್ಸ್ 1999ರಲ್ಲಿ ಹಾಡಿದ್ದು. ಇಬೀಜಾಗೆ ಹೋಗೋಣ, ಮಜಾ ಮಾಡೋಣ ಅನ್ನುವ ಕುಣಿತದ ಹಾಡು. ವಿಡಿಯೋ ಬಂದ ಮೇಲೆ ಇಪ್ಪತ್ತು ವರ್ಷ ಹಳೆಯ ಈ ಹಾಡು ಇದ್ದಕ್ಕಿದ್ದಂತೆ ಆಸ್ಟ್ರಿಯಾದ ಐಟ್ಯೂನ್ಸ್ ಪಟ್ಟಿಯ ತುದಿಗೆ ಹೋಗಿ ಕೂತಿತು. ಯಾರೂ ಒಂದಕ್ಷರ ಬದಲಿಸಿರಲಿಲ್ಲ. ಇನ್ನು ನೀವುಂಟು, ನಿಮ್ಮ ಮಾತ್ರೆ ಉಂಟು.

ಹುರಿಗಡಲೆ

ಮೇಷ್ಟ್ರೇ, ಮೊದಲು ನಿಮ್ಮದೇ ಸಾಲಿಗೆ ಕೆಂಪು ಶಾಯಿ. 'ಬದಲಿಸದೆ ಅಣಕ' ಅಂತ ಸಂಧಿ ಬಿಟ್ಟಿದ್ದೀರಲ್ಲ? 'ಬದಲಿಸದೆಯಣಕಾಯ್ತು' ಆಗಬೇಕು. ಮಾತ್ರೆ ಅಷ್ಟೇ ಇರುತ್ತದೆ.

ಗಣಿತಮೇಷ್ಟ್ರು

ಒಪ್ಪಿದೆ. ಓದೋರಿಗೆ ಸಲೀಸಾಗಲಿ ಅಂತ ಬಿಟ್ಟೆ. ತಪ್ಪು ಹುಡುಕಿದವರೇ ಮೊದಲು ಬರೆಯಬೇಕು.

ಹುರಿಗಡಲೆ

ತಗೊಳ್ಳಿ.

ಮದಿರೆಯಲಿ ಗುತ್ತಿಗೆಯ ಮಾತಿತ್ತ ಗಣ್ಯನಿಗೆ
ಎದುರಿದ್ದ ಗೋಡೆಗೂ ಕಣ್ಣಿತ್ತು ನೋಡು
ಪದವಿ ಹೋಯಿತು, ಜನರ ಬಾಯಲ್ಲಿ ಇಬೀಜಾ
ಪದವ ಬದಲಿಸದೆ ಅಣಕಾಯ್ತು ಹಳೆ ಹಾಡು

ತೆಂಗಿನಗರಿ

ಗೋಡೆಗೆ ಕಿವಿ ಅಂತಿದ್ದರು ನಮ್ಮಜ್ಜಿ. ಕಣ್ಣು ಕೊಟ್ಟಿದ್ದು ಚೆನ್ನಾಗಿದೆ. ಮದಿರೆಯೂ ಸುಳ್ಳಲ್ಲ. ರಾಜೀನಾಮೆ ಕೊಡುವಾಗ ಅವರೇ 'ಅದು ಕುಡಿದ ಅಮಲಿನ ಕಥೆ' ಅಂದಿದ್ದರು. ನಮ್ಮ ಕಡೆ ಮದುವೆ ಮನೆಯಲ್ಲಿ ಜಗಳ ಮಾಡಿದ ಮಾವಂದಿರು ಮಾರನೇ ದಿನ ಇದನ್ನೇ ಹೇಳುತ್ತಾರೆ.

ಒಂದು ಅನುಮಾನ

ಪದ್ಯ ಇರಲಿ, ನನಗೆ ಸಮಸ್ಯೆಯೇ ಸಮಸ್ಯೆ. ಅಣಕವಾಡು ಅಂದ್ರೆ ಧಾಟಿ ಇಟ್ಟುಕೊಂಡು ಪದ ಬದಲಿಸೋದು. ಪದವನ್ನೇ ಮುಟ್ಟದಿದ್ದರೆ ಅದು ಬರೀ ಹಳೆ ಹಾಡು. ಅಣಕ ಹೇಗಾಯಿತು?

ಗಣಿತಮೇಷ್ಟ್ರು

ಅದಕ್ಕೇ ಸಮಸ್ಯೆ ಅನ್ನೋದು! ಸ್ವಲ್ಪ ಯೋಚಿಸಿ. ಇಲ್ಲಿ ನಾವು ವಾರವಾರ ಏನು ಮಾಡುತ್ತೇವೆ? ಕೊನೆಯ ಸಾಲು ಕೊಟ್ಟುಬಿಟ್ಟಿರುತ್ತಾರೆ. ಅದನ್ನು ಮುಟ್ಟೋ ಹಾಗಿಲ್ಲ. ಅದರ ಹಿಂದೆ ಮೂರು ಸಾಲು ತಂದು ನಿಲ್ಲಿಸುತ್ತೇವೆ, ಅರ್ಥ ತಾನಾಗಿ ಹೊರಳುತ್ತದೆ. ಆಸ್ಟ್ರಿಯಾದ ಜನರಿಗೆ ಕೊನೆಯ ಸಾಲು 1999ರಲ್ಲೇ ಸಿಕ್ಕಿತ್ತು. ಹಿಂದಿನ ಮೂರು ಸಾಲನ್ನು ವೈಸ್ ಚಾನ್ಸಲರ್ ಸಾಹೇಬರು ತಾವೇ ಸೋಫಾ ಮೇಲೆ ಕೂತು ಬರೆದುಕೊಟ್ಟರು.

ತೆಂಗಿನಗರಿ

ಅದೇ ವರ್ಷ ನಮ್ಮ ಮಂಡ್ಯದ ಚುನಾವಣೆ ನೆನಪಿಲ್ವಾ? 'ನಿಖಿಲ್ ಎಲ್ಲಿದ್ದೀಯಪ್ಪ.' ಸಿನಿಮಾ ಸಮಾರಂಭದಲ್ಲಿ ಅಪ್ಪ ಪ್ರೀತಿಯಿಂದ ಕರೆದದ್ದು. ಅದಕ್ಕೂ ಯಾರೂ ಅಕ್ಷರ ಸೇರಿಸಿರಲಿಲ್ಲ.

ಗಣಿತಮೇಷ್ಟ್ರು

ಅದಕ್ಕೆ ಬೇರೆ ವಾರ ಇಟ್ಟುಕೊಳ್ಳೋಣ ಮಾರಾಯ್ರೇ. ಈಗ ಊರ ರಾಜಕೀಯ ಶುರುವಾದರೆ ಛಂದಸ್ಸು ಓಡಿಹೋಗುತ್ತದೆ.

ಒಂದು ಅನುಮಾನ

ಸರಿ, ಅರ್ಧ ಒಪ್ಪಿದೆ. ಆದರೂ ಒಂದು ವಿಷಯ. ಈ ಇಬೀಜಾ ಹಾಡೇ ಅಪ್ಪಟ ಅಲ್ಲ. 1975ರಲ್ಲಿ ಬ್ರಿಟನ್ನಿನ ಟಿಪಿಕಲಿ ಟ್ರಾಪಿಕಲ್ ಅನ್ನೋ ಜೋಡಿ 'ಬಾರ್ಬೇಡೋಸ್' ಅಂತ ಹಾಡಿತ್ತು. ವೆಂಗಾಬಾಯ್ಸ್ ಅದನ್ನೇ ತಿರುಗಿಸಿ ಊರಿನ ಹೆಸರು ಬದಲಿಸಿದ್ದು. ಅಂದಮೇಲೆ ಪದ ಬದಲಿಸೋ ಕೆಲಸ ಮೊದಲೇ ಮುಗಿದಿತ್ತು. ಸುಮ್ನೆ ವಾದ ಮಾಡಿದೆ ಅನ್ನಬೇಡಿ, ಪದ್ಯಾನೂ ತಂದಿದ್ದೇನೆ:

ಮೊದಲು ಬಾರ್ಬೇಡೋಸು, ಆಮೇಲೆ ಇಬೀಜಾ
ಬದಲಾಯ್ತು ಊರಷ್ಟೆ, ರಾಗದದೆ ಜಾಡು
ಅದನಂದು ಬದಲಿಸಿದರಿಂದು ಸರಕಾರವೇ!
ಪದವ ಬದಲಿಸದೆ ಅಣಕಾಯ್ತು ಹಳೆ ಹಾಡು

ಗಣಿತಮೇಷ್ಟ್ರು

ಮೊದಲ ಸಾಲು ಓದಿ ಕಾಫಿ ಚೆಲ್ಲಿಕೊಂಡೆ. ಮೂರನೇ ಸಾಲು ಅರ್ಧಕ್ಕೆ ನಿಂತಿದೆ, ಕ್ರಿಯಾಪದ ಎಲ್ಲಿ? ಆಶ್ಚರ್ಯಚಿಹ್ನೆ ಹಾಕಿ ತಪ್ಪಿಸಿಕೊಂಡಿದ್ದೀರಿ. ಹೋಗಲಿ, ಬಾರ್ಬೇಡೋಸಿನ ಪುಣ್ಯಕ್ಕೆ ಮಾಫಿ.

ಡ್ಯಾನ್ಯೂಬ್ ದಂಡೆ

ನಾನು ಆಗ ವಿಯೆನ್ನಾದಲ್ಲೇ ಇದ್ದೆ. ಮೇ 30, ಗುರುವಾರ. ಅಲ್ಲಿ ಹಬ್ಬದ ರಜೆ. ಸರಕಾರದ ವಿರುದ್ಧ ಗುರುವಾರದ ಪ್ರತಿಭಟನೆ ಅಂತ ಒಂದು ರೂಢಿ ಇತ್ತು. ಆ ದಿನ ಬಾಲ್‌ಹೌಸ್‌ಪ್ಲಾಟ್ಸ್ ಚೌಕಕ್ಕೆ, ಚಾನ್ಸಲರ್ ಕಚೇರಿಯ ಎದುರಿಗೇ, ವೆಂಗಾಬಾಯ್ಸ್ ಬಂದು ಅದೇ ಹಾಡು ಹಾಡಿದರು. ತಮಾಷೆ ಏನೆಂದರೆ ಅಷ್ಟರಲ್ಲಿ ಸರಕಾರ ಬಿದ್ದು ಮೂರು ದಿನ ಆಗಿತ್ತು. ಮೇ 27ಕ್ಕೆ ಚಾನ್ಸಲರ್ ಸೆಬಾಸ್ಟಿಯಾನ್ ಕುರ್ಜ್ ಸಂಸತ್ತಿನಲ್ಲಿ ಅವಿಶ್ವಾಸ ಮತದಲ್ಲಿ ಸೋತಿದ್ದರು. ಹಾಗಾಗಿ ಪ್ರತಿಭಟನೆಗೆ ಹೋದವರು ಜಾತ್ರೆಗೆ ಹೋದ ಹಾಗೆ ಕುಣಿದು ಬಂದೆವು. ನನ್ನ ಪದ್ಯ, ಮೊದಲ ಸಲ ಬರೀತಿದ್ದೇನೆ:

ಎದೆ ತುಂಬಿ ಕುಣಿದರು ವಿಯೆನ್ನಾದ ಬೀದಿಯಲಿ
ಹದಿಹರೆಯದವರೊಡನೆ ಮುದುಕರೂ ಜೋಡು
ಗದರುವ ಘೋಷಣೆಗಳ ಬದಲಿಗೊಂದೇ ಕುಣಿತ
ಪದವ ಬದಲಿಸದೆ ಅಣಕಾಯ್ತು ಹಳೆ ಹಾಡು

ಹುರಿಗಡಲೆ

ಮೂರನೇ ಸಾಲು ಎಡವಿದೆ ಅಣ್ಣಾ. 'ಗದರುವ ಘೋ' ಅಂದ್ರೆ ಆರು ಮಾತ್ರೆ. 'ಗದರಿಕೆಯ ಘೋಷಣೆಯ ಬದಲಿಗೊಂದೇ ಕುಣಿತ' ಅಂತ ಮಾಡಿ, ಸರಿಹೋಗುತ್ತದೆ.

ಡ್ಯಾನ್ಯೂಬ್ ದಂಡೆ

ಸರಿಪಡಿಸಿಕೊಂಡೆ. ಇಲ್ಲಿ ಕೂತು ಬೆರಳು ಮಡಚಿ ಎಣಿಸುತ್ತಿದ್ದರೆ ಆಫೀಸಿನವರು ಜಪ ಮಾಡ್ತಿದ್ದೀಯಾ ಅಂತ ಕೇಳಿದರು.

ತೆಂಗಿನಗರಿ

ವಿಡಿಯೋದಲ್ಲಿ 'ಝಾಕ್ ಝಾಕ್ ಝಾಕ್' ಅನ್ನುವ ಮಾತಿದೆ. ಚಕಚಕ ಅಂದ ಹಾಗೆ. ಆ ಪತ್ರಿಕೆ ಕೈಗೆ ಬಂದರೆ ಮೂರು ನಾಲ್ಕು ಜನರನ್ನು ಮೇಲೆತ್ತಬೇಕು, ಮೂರು ನಾಲ್ಕು ಜನರನ್ನು ಹೊರಗೆ ಹಾಕಬೇಕು ಅಂತ ಶ್ಟ್ರಾಖೆ ಹೇಳುವಾಗ ಬರುತ್ತದೆ. ಆಮೇಲೆ ಅದು ಅಲ್ಲಿ ಮನೆಮಾತಾಯಿತು. ಆದರೆ ಚಕಚಕ ಹೋಗಿದ್ದು ಯಾರು? ವಿಡಿಯೋ ಬಂದ ಮಾರನೇ ದಿನವೇ ರಾಜೀನಾಮೆ!

ಕದಲಿಸುವೆ ಮೂವರನು ಝಾಕ್‌ಝಾಕು ಝಾಕೆಂದ
ಪದವಿಯಲಿ ತಾನುಳಿದುದೊಂದಿರುಳ ಪಾಡು
ಉದುರಿತಾ ಸರಕಾರ ಹತ್ತುದಿನದೊಳಗಿತ್ತ
ಪದವ ಬದಲಿಸದೆ ಅಣಕಾಯ್ತು ಹಳೆ ಹಾಡು

ಗಣಿತಮೇಷ್ಟ್ರು

'ಒಂದಿರುಳ ಪಾಡು' ಬಹಳ ಹಿಡಿಸಿತು. ಝಾಕಾರಕ್ಕೂ ಮಾತ್ರೆ ಕೂಡಿಸಿದ್ದೀರಿ. ಇನ್ಯಾರಾದರೂ?

ಮೂಲೆಬೆಂಚು

ತಡವಾಯಿತು ಮೇಷ್ಟ್ರೇ, ಮಗುವಿಗೆ ಜ್ವರ. ಎಲ್ಲರೂ ಪದ ಅಂದ್ರೆ ಶಬ್ದ, ಜಾಸ್ತಿ ಅಂದ್ರೆ ಪದವಿ ಅಂತ ಹಿಡಿದುಕೊಂಡಿದ್ದೀರಿ. ಪದ ಅಂದ್ರೆ ಕಾಲೂ ಅಲ್ವಾ? ಆ ರಾತ್ರಿ ಆ ಹೆಂಗಸಿನ ಕಾಲ್ಬೆರಳ ಉಗುರು ಕೊಳೆಯಾಗಿದೆ ಅಂತ ಶ್ಟ್ರಾಖೆಗೆ ಅನುಮಾನ ಬಂದಿತ್ತು. ಇಷ್ಟು ದೊಡ್ಡ ಕುಳದ ಮನೆಯವಳ ಕಾಲು ಹೀಗಿರುತ್ತಾ, ಇದು ಬಲೆ ಇರಬಹುದು ಅಂತ ಜೊತೆಗಿದ್ದ ಪಕ್ಷದ ಗೆಳೆಯನಿಗೆ ಹೇಳಿದರು. ಹಾಗೇನಿಲ್ಲ ಅಂತ ಆತ ಸಮಾಧಾನ ಮಾಡಿದ. ಇವರು ಮತ್ತೆ ಕೂತರು.

ಇದೊ ನೋಡು, ಕಾಲುಗುರಲೇಕಿಷ್ಟು ಕೊಳೆಯೆಂದ
ಎದೆಯ ಶಂಕೆಯ ಮರೆತು ಕುಡಿದುದೇ ಕೇಡು
ಪದವ ನೋಡಿಯು ಪದವಿ ಕಳಕೊಂಡ, ನಾವಿತ್ತ
ಪದವ ಬದಲಿಸದೆ ಅಣಕಾಯ್ತು ಹಳೆ ಹಾಡು

ಹುರಿಗಡಲೆ

ಅಕ್ಕಾ! ಕಾಲು, ಕುರ್ಚಿ, ಮಾತು, ಮೂರೂ ಒಂದೇ ಪದ್ಯದಲ್ಲಿ. ನನ್ನ ಗೋಡೆಯ ಕಣ್ಣು ಮುಚ್ಚಿಕೊಂಡಿತು.

ಒಂದು ಅನುಮಾನ

'ನಾವಿತ್ತ' ಅಂತ ಶುರುಮಾಡಿ 'ಅಣಕಾಯ್ತು' ಅಂತ ಮುಗಿಸಿದ್ದು ವ್ಯಾಕರಣಕ್ಕೆ ಸ್ವಲ್ಪ...

ಗಣಿತಮೇಷ್ಟ್ರು

ನಿಮ್ಮ ಕ್ರಿಯಾಪದ ಇನ್ನೂ ಬಂದಿಲ್ಲ, ಸುಮ್ಮನಿರಿ. ಈ ವಾರದ ವೀಳ್ಯ ಮೂಲೆಬೆಂಚಿನವರಿಗೆ. ಮಗು ಹೇಗಿದೆಯಮ್ಮಾ ಈಗ?

ಮೂಲೆಬೆಂಚು

ಜ್ವರ ಇಳಿದಿದೆ. ಮಲಗಿಸುವಾಗ ಲಾಲಿ ಬದಲು ಆ ಇಬೀಜಾ ಹಾಡು ಗುನುಗಿದೆ. ಈಗ ನಿದ್ದೆ ಬಿಟ್ಟು ಕುಣೀತಾ ಇದೆ.